ಚುಕ್ಕಿ ಇಟ್ಟ ಬ್ರೇಕ್ ಪ್ಯಾಡುಗಳು

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ಇಡುತ್ತಿದ್ದ ಚುಕ್ಕಿಯ ಬಣ್ಣ ಬಿಳಿ ಎಂದು ನನ್ನ ನೆನಪು. ತಮ್ಮ ಹಳದಿ ಎನ್ನುತ್ತಾನೆ. ಯಾರು ಯಾವ ಮಾತನ್ನು ಮೊದಲು ಆಡಿದರು ಎಂಬುದರಲ್ಲೂ ಹಿಂದುಮುಂದಾಗಿರಬಹುದು. ಇತಿಹಾಸದಲ್ಲಿ ಎಂ.ಎ. ಮಾಡಿದ್ದರಿಂದ ನನಗೆ ಉಳಿದ ಒಂದೇ ಲಾಭವೆಂದರೆ ಸಾಕ್ಷಿಗಳನ್ನು ಸುಲಭಕ್ಕೆ ನಂಬದಿರುವುದು. ಸಾಕ್ಷಿ ನಾನೇ ಆಗಿದ್ದರೆ ಇನ್ನೂ ಸ್ವಲ್ಪ ಕಡಿಮೆ ನಂಬುವುದು. ದಿನಚರಿ ಬರೆಯುವ ಅಭ್ಯಾಸವಿದೆ, ನಿಜ. ಆದರೆ ಮುಖ್ಯವಾದದ್ದು ನಡೆಯುತ್ತಿರುವಾಗ ಅದು ಮುಖ್ಯ ಎಂದು ನನಗೆ ಹೊಳೆಯುವುದಿಲ್ಲ. ಆ ದಿನ ಊಟಕ್ಕೆ ಏನಿತ್ತು ಎಂದು ಬರೆದು ಮಲಗಿರುತ್ತೇನೆ.

ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು. ಅವ್ವನ ತಮ್ಮ, ನನ್ನ ಸೋದರಮಾವ, ಕೊಟ್ಟೂರಿನಲ್ಲಿ ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದಾನೆ. ನನ್ನ ತಮ್ಮ ಕೂಡ್ಲಿಗಿಯಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. ಆ ಕಾರಿಗೆ ಬೀಳುವ ಸಾಮಾನೆಲ್ಲ ಮಾವನ ಅಂಗಡಿಯದು. ಹೀಗಾಗಿ ಅದು ನಿಲ್ಲಬೇಕಾದ ಜಾಗದಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬುದು ನಮ್ಮ ಮನೆಯ ಮಟ್ಟಿಗೆ ಬರೀ ಯಂತ್ರದ ಪ್ರಶ್ನೆಯಲ್ಲ, ಸಂಬಂಧದ ಪ್ರಶ್ನೆಯೂ ಹೌದು.

ನಾನು ಕೂಡ್ಲಿಗಿಯಿಂದ ಹರಪನಹಳ್ಳಿಯ ಕಾಲೇಜಿಗೆ ಪಾಠ ಮಾಡಲು ಹೋಗಿಬರುತ್ತೇನೆ. ಬಸ್ಸು ಬದಲಿಸುವುದು ಕೊಟ್ಟೂರಿನಲ್ಲಿ. ಸಂಜೆ ಬಸ್ಸು ತಡವಾದರೆ ಮಾವನ ಅಂಗಡಿಯ ಸ್ಟೂಲೇ ನನ್ನ ಬಸ್ ನಿಲ್ದಾಣ. ಅಂಗಡಿಯ ಹಿಂದೆಯೇ ಮನೆ. ಅತ್ತೆ ಅಲ್ಲಿಂದ ಚಹಾ ತರುತ್ತಾಳೆ. ಆ ಸ್ಟೂಲಿನ ಮೇಲೆ ಕೂತೇ ನಾನು ಒಂದು ದಿನ ಮೂರು ಡಬ್ಬಿಗಳನ್ನು ಬಿಚ್ಚಿ ನೋಡಿದ್ದು.

ಮೂರೂ ಆಯಿಲ್ ಫಿಲ್ಟರುಗಳು. ಒಂದು ಡಬ್ಬಿ ಹೊಳೆಯುವಂಥದ್ದು, ಓರೆ ಮಾಡಿದರೆ ಕಾಮನಬಿಲ್ಲಿನಂತೆ ಮಿನುಗುವ ಚೀಟಿ ಅಂಟಿಸಿದ್ದು. ಇನ್ನೊಂದು ಸಾಧಾರಣ ಬಣ್ಣದ್ದು. ಮೂರನೆಯದರ ಮೇಲೆ ಯಾರೂ ಕೇಳಿರದ ಕಂಪನಿಯ ಹೆಸರು, ಅದರಲ್ಲೂ ಒಂದು ಅಕ್ಷರ ಮಾಸಿತ್ತು. ಒಳಗಿನ ಫಿಲ್ಟರುಗಳನ್ನು ಸಾಲಾಗಿ ಇಟ್ಟೆ. ಅದೇ ತಗಡು, ಅದೇ ರಬ್ಬರು, ಬುಡದಲ್ಲಿ ಒತ್ತಿದ ಅದೇ ಸಣ್ಣ ಗುರುತು.

"ಮೂರೂ ಒಂದ ಅಲ್ಲೇನು ಮಾವ?"

"ಒಂದ ತಾಯಿ ಹೆಣ್ಣಮಕ್ಕಳವ್ವ ಇವು," ಅಂದ ಮಾವ. "ಕೊಟ್ಟ ಮನಿ ಬ್ಯಾರೆ ಬ್ಯಾರೆ. ಅದಕ್ಕ ಹೆಸರು ಬ್ಯಾರೆ."

"ಮತ್ತ ರೇಟು?"

"ಮನೆತನ ಬ್ಯಾರೆ ಅಂದಮ್ಯಾಲೆ ರೇಟು ಒಂದ ಇರ್ತೈತೇನು? ಎಷ್ಟರ ಓದಿದಿ ನೀನು!"

ಹಾಗಾದರೆ ಅಗ್ಗದ್ದನ್ನೇ ಕೊಳ್ಳುವುದು ಜಾಣತನ ಎಂದು ನಾನು ತೀರ್ಮಾನಿಸಿದೆ. ವಿಶ್ವವಿದ್ಯಾಲಯದಲ್ಲಿ ಕಲಿತ ತೀರ್ಮಾನಗಳು ಬಹಳ ಬೇಗ ಬರುತ್ತವೆ. ಮಾವ ಒಳಗಿನಿಂದ ಇನ್ನೊಂದು ಫಿಲ್ಟರು ತಂದು ಅವುಗಳ ಪಕ್ಕದಲ್ಲಿಟ್ಟ. ಇದೂ ಅಂಥದೇ ಹೊಳೆಯುವ ಡಬ್ಬಿಯಲ್ಲಿ ಬಂದದ್ದು, ಆದರೆ ಬೇರೆ ಸಲದ ಮಾಲು. ಕೈಗೆ ತೆಗೆದುಕೊಂಡರೆ ಹಗುರ. ಅಲ್ಲಾಡಿಸಿದರೆ ಒಳಗೆ ಏನೋ ಕಿರಗುಟ್ಟಿತು. ಡಬ್ಬಿ ಒಂದೇ, ಮಾಲು ಎರಡು. ಮಾಲು ಒಂದೇ, ಡಬ್ಬಿ ಮೂರು. ಇನ್ನೊಂದು ದಿನ ಅವನು ವಾಟರ್ ಪಂಪೊಂದನ್ನು ತೋರಿಸಿದ. ಅದರ ಮೈಮೇಲೆ ಒಂದು ಕಡೆ ಉಜ್ಜಿ ನುಣ್ಣಗೆ ಮಾಡಿದ್ದರು. ಮೊದಲು ಅಲ್ಲಿ ಕಾರಿನ ಕಂಪನಿಯ ಗುರುತು ಇತ್ತಂತೆ. ಕಂಪನಿಗೆ ಮಾಡಿಕೊಡುವವರೇ ಮಿಕ್ಕಿದ್ದನ್ನು ಗುರುತು ಅಳಿಸಿ ಬೇರೆ ಹೆಸರಿನಲ್ಲಿ ಮಾರುತ್ತಾರಂತೆ. ಹಾಗಂತ ಉಜ್ಜಿದ ಕಲೆ ಇದ್ದದ್ದೆಲ್ಲ ಒಳ್ಳೆಯದು ಎಂದು ನಂಬಿದರೆ ಅದೂ ಕೆಟ್ಟಿತು: ಈಗೀಗ ಕಳಪೆ ಮಾಲಿಗೂ ಸುಮ್ಮನೆ ಒಂದು ಕಡೆ ಉಜ್ಜಿ ಕಳಿಸುವವರಿದ್ದಾರೆ. ಇಲ್ಲದ ಹೆಸರನ್ನು ಅಳಿಸಿದ ಗುರುತು! ನಾನು ಓದಿದ ಶಾಸನಗಳಲ್ಲೂ ಇಷ್ಟು ತಂತ್ರ ಇರಲಿಲ್ಲ.

ಇದಕ್ಕೆಲ್ಲ ಮಾವ ಕಂಡುಕೊಂಡ ಉತ್ತರ ಅವನ ಹಳೆಯ ಕಾರು.

ಹೊಸ ಮಾಲು ಬಂದಾಗ ಅದರಲ್ಲಿ ಒಂದನ್ನು ತೆಗೆದು ಮೊದಲು ತನ್ನ ಕಾರಿಗೇ ಹಾಕುತ್ತಿದ್ದ. ಹಾಕಿಕೊಂಡು ಹಗರಿಬೊಮ್ಮನಹಳ್ಳಿಗೆ, ಅಲ್ಲಿಂದ ಹಡಗಲಿಗೆ, ಮತ್ತೆ ವಾಪಸ್ಸು. ಗುಂಡಿ ಇದ್ದ ಕಡೆ ಬೇಕೆಂದೇ ಇಳಿಸುವುದು, ಖಾಲಿ ರಸ್ತೆಯಲ್ಲಿ ಬೇಕೆಂದೇ ಬ್ರೇಕು ತುಳಿಯುವುದು. ಹಿಂದೆ ಬರುತ್ತಿದ್ದವರು ಕಿಟಕಿಯಿಂದ ತಲೆ ಹೊರಹಾಕಿ ಬೈದು ಹೋಗುತ್ತಿದ್ದರು. ಅತ್ತೆ ಇದನ್ನು ಪರೀಕ್ಷೆ ಎಂದು ಒಪ್ಪುತ್ತಿರಲಿಲ್ಲ. "ತಿರಗಾಕ ಒಂದು ನೆವ ಬೇಕಾಗಿತ್ತು, ಸಿಕ್ತು" ಎನ್ನುತ್ತಿದ್ದಳು. ಆದರೆ ಪರೀಕ್ಷೆಯಲ್ಲಿ ಪಾಸಾದ ಮಾಲಿಗೆ ಗುರುತು ಹಾಕುವ ಕೆಲಸ ಅತ್ತೆಯದೇ. ಬೆಂಕಿಕಡ್ಡಿಯನ್ನು ಪೇಂಟಿನಲ್ಲಿ ಅದ್ದಿ, ಪ್ರತಿಯೊಂದರ ಮೇಲೂ ಒಂದು ಚುಕ್ಕಿ. ಬ್ರೇಕ್ ಪ್ಯಾಡಾದರೆ ಹಿಂಬದಿಯ ತಗಡಿನ ಅಂಚಿನಲ್ಲಿ. ಮಾವನಿಗೆ ಚುಕ್ಕಿ ಇಡಲು ಬರುವುದಿಲ್ಲ ಎಂದಲ್ಲ. ಅವನು ಇಟ್ಟರೆ ಅದು ಚೆಲ್ಲಿದ ಪೇಂಟಿನ ಹಾಗೆ ಕಾಣುತ್ತಿತ್ತು.

ನಮ್ಮ ಕಡೆ ಸಾಮಾನು ಹಾಕಿಸಿಕೊಂಡವರು ಹಳೆಯ ಸಾಮಾನನ್ನೂ ಹೊಸದರ ಖಾಲಿ ಡಬ್ಬಿಯನ್ನೂ ಕೇಳಿ ಮನೆಗೆ ಒಯ್ಯುತ್ತಾರೆ. ಮೆಕ್ಯಾನಿಕ್ಕು ನಿಜವಾಗಿ ಬದಲಾಯಿಸಿದ್ದಾನೆ ಎಂಬುದಕ್ಕೆ ಹಳೆಯದು ಸಾಕ್ಷಿ, ಒಳ್ಳೆಯದನ್ನೇ ಹಾಕಿದ್ದಾನೆ ಎಂಬುದಕ್ಕೆ ಡಬ್ಬಿ ಸಾಕ್ಷಿ. ಮಾವನ ಗಿರಾಕಿಗಳು ಕ್ರಮೇಣ ಡಬ್ಬಿ ಕೇಳುವುದನ್ನೇ ಬಿಟ್ಟರು. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಕೇಳುತ್ತಿದ್ದರು:

"ಸಾವ್ಕಾರ್ರ, ಚುಕ್ಕಿದು ಐತೇನ್ರಿ?"

"ಯಾವ ಕಂಪನಿದು ಬೇಕ್ರಿ?"

"ಕಂಪನಿ ತಗಂಡು ಏನ್ ಮಾಡ್ಲಿರಿ? ಚುಕ್ಕಿದು ಕೊಡ್ರಿ."

ಮಾಗಳದಿಂದ ಬಂದ ಒಬ್ಬರು ವೈಪರ್ ಬ್ಲೇಡಿಗೂ ಚುಕ್ಕಿ ಬೇಕೆಂದು ಹಟ ಹಿಡಿದದ್ದು ನನ್ನೆದುರಿಗೇ ನಡೆಯಿತು. ಮಳೆಯೇ ಇಲ್ಲದಾಗ ವೈಪರನ್ನು ಪರೀಕ್ಷೆ ಮಾಡುವುದು ಹೇಗೆ ಎಂದು ಮಾವ ಕೇಳಿದ. "ಅದು ನಿಮಗ ಬಿಟ್ಟಿದ್ದು, ಚುಕ್ಕಿ ಇಟ್ಟು ಕೊಡ್ರಿ" ಎಂದರು ಅವರು. ಮಾವ ಒಳಗೆ ಕೂಗಿದ. ಅತ್ತೆ ಬಂದು ಚುಕ್ಕಿ ಇಟ್ಟು ಹೋದಳು. ಆಗ ನನಗೆ ನಗು ಬಂದಿತ್ತು. ಅದು ನಗುವ ವಿಷಯವಾಗಿರಲಿಲ್ಲ ಎಂದು ಆಮೇಲೆ ಅನ್ನಿಸಿದೆ. ಅಥವಾ ಆಮೇಲೆ ಆದದ್ದರಿಂದ ಹಾಗನ್ನಿಸುತ್ತಿದೆಯೋ.

ಹೆಸರುಗಳನ್ನು ನಂಬಬೇಡಿ ಎಂದು ಹೊರಟ ಮಾವ ಹೀಗೆ ತಾನೇ ಒಂದು ಹೆಸರಾದ. ಇದು ಪೂರ್ಣವಾದದ್ದು ಸಗಟು ವ್ಯಾಪಾರಿಯೊಬ್ಬ ಒಂದು ಪೆಟ್ಟಿಗೆ ಕಳಿಸಿದ ದಿನ. ಬಿಚ್ಚಿದರೆ ಒಳಗಿನ ಪ್ರತಿಯೊಂದು ಬೇರಿಂಗಿನ ಮೇಲೂ ಆಗಲೇ ಚುಕ್ಕಿ ಇತ್ತು. ಯಂತ್ರದಲ್ಲಿ ಅಚ್ಚು ಹಾಕಿದ, ಗುಂಡಗಿನ, ಒಂದರಂತೆ ಇನ್ನೊಂದು ಇದ್ದ ಚುಕ್ಕಿ. ಮಾವ ಫೋನು ಮಾಡಿ ಕೂಗಾಡಿದ. ಆ ಕಡೆಯವನು ಸಮಾಧಾನವಾಗಿ ಹೇಳಿದ್ದು ನನಗೂ ಕೇಳಿಸಿತು: "ನಿಮ್ಮ ಕಡಿ ಇದ ಓಡ್ತೈತಂತಲ್ರಿ ಅಣ್ಣಾರ, ಅದಕ್ಕ ಹಾಕಿಸಿ ಕಳಿಸೀವಿ. ಬಣ್ಣ ಬ್ಯಾರೆ ಬೇಕಿತ್ತೇನ್ರಿ?"

ಮಾವ ಆ ಪೆಟ್ಟಿಗೆಯನ್ನು ವಾಪಸ್ಸು ಕಳಿಸಿದ. ಕಳಿಸಿದ್ದನ್ನು ಎಲ್ಲರಿಗೂ ಹೇಳಿದ. ಅದರಿಂದ ಚುಕ್ಕಿಯ ಬೆಲೆ ಇನ್ನೂ ಏರಿತು.

ಎಲ್ಲರಿಗಿಂತ ಹೆಚ್ಚು ನಂಬಿದವನು ನನ್ನ ತಮ್ಮ. ಕಾರಿನಲ್ಲಿ ಕೂತವರಿಗೆ ಸೀಟು ಬೆಲ್ಟಿನ ವಿಷಯ ಹೇಳದಿದ್ದರೂ ಚುಕ್ಕಿಯ ವಿಷಯ ಹೇಳುತ್ತಿದ್ದ. "ಬ್ರೇಕಿಗೆ ಚುಕ್ಕಿ ಐತ್ರಿ ನಮ್ಮದು, ಆರಾಮ ಕುಂದರ್ರಿ." ಕೂಡ್ಲಿಗಿ ಸ್ಟ್ಯಾಂಡಿನ ಉಳಿದ ಡ್ರೈವರುಗಳು ಅವನನ್ನು ಚುಕ್ಕಿ ಎಂದೇ ಕರೆಯತೊಡಗಿದ್ದರು. ಅವನಿಗೆ ಅದರಿಂದ ಬೇಜಾರಿರಲಿಲ್ಲ, ಹೆಮ್ಮೆಯಿತ್ತು.

ಇನ್ನು ಮುಂದಿನದಕ್ಕೆ ನಾನು ಸಾಕ್ಷಿಯಲ್ಲ, ತಮ್ಮ ಹೇಳಿದ್ದು. ಕಾನಹೊಸಹಳ್ಳಿಯ ಒಂದು ಕುಟುಂಬ ಹೊಳಲಿನ ಅನಂತಶಯನನ ಗುಡಿಗೆ ಹೋಗಲು ಅವನ ಕಾರು ಮಾಡಿಕೊಂಡಿತ್ತು. ಗಂಡ, ಹೆಂಡತಿ, ಮಕ್ಕಳು, ಒಬ್ಬ ಅಜ್ಜಿ. ಹಡಗಲಿ ದಾಟಿದ ಮೇಲೆ ರಸ್ತೆಯಲ್ಲಿ ರೈತರು ಹುರುಳಿ ಹರವಿದ್ದರು. ಹೋಗಿಬರುವ ಗಾಡಿಗಳ ಗಾಲಿ ಹತ್ತಿ ಕಾಯಿ ಒಡೆಯಲಿ ಎಂದು ನಮ್ಮ ಕಡೆ ಬೆಳೆಯನ್ನು ಡಾಂಬರಿನ ಮೇಲೆ ಹಾಸುತ್ತಾರೆ. ಒಕ್ಕಲು ಮಾಡುವ ಕಣ ಈಗ ಸರಕಾರ ಹಾಕಿಸಿದ ರಸ್ತೆಯೇ. ಒಂದು ಎಮ್ಮೆ ಅಡ್ಡ ಬಂತು. ತಮ್ಮ ಬ್ರೇಕು ತುಳಿದ. ಮುಂದಿನ ಗಾಲಿಯಲ್ಲಿ ಏನೋ ಕಟ್ ಎಂದಿತು, ಕಾಲ ಕೆಳಗೆ ಪೆಡಲ್ಲು ಆಳಕ್ಕೆ ಇಳಿಯಿತು, ಕಾರು ಒಂದು ಬದಿಗೆ ಎಳೆದುಕೊಂಡು ಹೋಗಿ ಪಕ್ಕದಲ್ಲಿ ಒಟ್ಟಿದ್ದ ಹುರುಳಿ ಹೊಟ್ಟಿನ ರಾಶಿಯಲ್ಲಿ ಮೂತಿ ಹುದುಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎಮ್ಮೆ ನಡೆದುಕೊಂಡೇ ಹೋಯಿತು.

ಹೊಟ್ಟು ಒಟ್ಟುತ್ತಿದ್ದ ಹೆಂಗಸು ಕೈಯಲ್ಲಿ ಬುಟ್ಟಿ ಹಿಡಿದೇ ಬಂದಳಂತೆ. "ಏನಪಾ, ಮ್ಯಾಲೆ ಹಾಯ್ದು ಹೋಗಲಿ ಅಂತ ಹಾಸೀವಿ, ರಾಶ್ಯಾಗ ಬಂದು ಮಲಗು ಅಂದೀವೇನು?"

ಹಿಂದಿನ ಸೀಟಿನ ಅಜ್ಜಿ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಕೇಳಿದಳಂತೆ, "ಚುಕ್ಕಿ ಐತಿ ಅಂದ್ಯಲ್ಲೋ ತಮ್ಮಾ?"

ತಮ್ಮನಿಗೆ ನಾಟಿದ್ದು ಅಜ್ಜಿಯ ಮಾತು. ಕುಟುಂಬವನ್ನು ಬೇರೆ ಗಾಡಿಗೆ ಹತ್ತಿಸಿ, ಕಾರನ್ನು ಎಳೆಸಿಕೊಂಡು ಹಡಗಲಿಗೆ ಬಂದು ಗಾಲಿ ಬಿಚ್ಚಿಸಿದ. ಒಂದು ಪ್ಯಾಡಿನ ಲೈನರು, ಅಂದರೆ ಉಜ್ಜಿ ಗಾಲಿಯನ್ನು ಹಿಡಿದು ನಿಲ್ಲಿಸುವ ಪದರ, ತಗಡಿನಿಂದ ಕಿತ್ತು ಪೂರ್ತಿ ಬೇರೆಯಾಗಿತ್ತು. ಸವೆದಿರಲಿಲ್ಲ, ಹಾಕಿಸಿ ಬಹಳ ದಿನವೂ ಆಗಿರಲಿಲ್ಲ. ಅಂಟು ಬಿಟ್ಟಿತ್ತು, ಅಷ್ಟೇ. ಇನ್ನೊಂದು ಪ್ಯಾಡು ಹಾಕಿಸಿ, ಕಿತ್ತದ್ದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೊಟ್ಟೂರಿಗೆ ಬಂದ.

ಆಗ ನಾನು ಸ್ಟೂಲಿನ ಮೇಲೆ ಇದ್ದೆ. ಇದನ್ನು ಮಾತ್ರ ನಾನು ನೋಡಿದ್ದೇನೆ. ತಮ್ಮ ಬಟ್ಟೆ ಬಿಚ್ಚಿದ. ಮಾವ ತಗಡನ್ನು ಒಂದು ಕೈಯಲ್ಲಿ, ಲೈನರನ್ನು ಇನ್ನೊಂದು ಕೈಯಲ್ಲಿ ಹಿಡಿದು ಎರಡನ್ನೂ ಜೋಡಿಸಿ ನೋಡಿದ, ಮತ್ತೆ ಬಿಡಿಸಿದ. ಮೂಸಿದ. ಬೆಳಕಿಗೆ ಹಿಡಿದ. ಅಂಚಿನಲ್ಲಿ ಕಂದುಬಣ್ಣಕ್ಕೆ ತಿರುಗಿದ ಚುಕ್ಕಿ ಇತ್ತು.

"ಇದು ನಮ್ಮ ಚುಕ್ಕಿ ಅಲ್ಲ," ಅಂದ.

ತಮ್ಮನ ಮುಖ ಅರಳಿತು. "ನಾನೂ ಅದ ಅಂದೆ ನೋಡು ಮಾವ! ನಮ್ಮದಾಗಿದ್ರ ಹಿಂಗ ಆಗ್ತಿದ್ದಿಲ್ಲ. ಯಾರೋ ಡೂಪ್ಲಿಕೇಟ್ ಮಾಡ್ಯಾರ."

"ನೀನು ತಗಂಡಿದ್ದು ಇಲ್ಲೇ ಅಲ್ಲೇನೋ?" ಅಂದೆ ನಾನು.

"ಅಕ್ಕಾ, ನೀ ಸ್ವಲ್ಪ ಸುಮ್ಮನಿರು. ಇತಿಹಾಸ ಅಲ್ಲ ಇದು."

ಅತ್ತೆ ಚಹಾ ತಂದಿದ್ದಳು. ಲೋಟಗಳನ್ನು ಇಟ್ಟು ಆ ತಗಡನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸಿದಳು.

"ಇದು ನಂದ ಚುಕ್ಕಿ."

"ಹೆಂಗ ಹೇಳ್ತಿ?" ಮಾವನ ದನಿ ಏರಿತು.

"ರಂಗೋಲಿ ಚುಕ್ಕಿ ಇಟ್ಟಿಟ್ಟು ಬಂದ ಕೈ ರೂಢಿ ಇದು. ಕೊನಿಗೆ ಹಿಂಗ ಬಲಕ್ಕ ಒಂದು ಬಾಲ ಬರ್ತೈತಿ ನೋಡ್ರಿ. ಮದುವಿ ಆಗಿ ಬಂದಾಗಿಂದ ನಿಮ್ಮವ್ವ ಬೈತಿದ್ದಳಲ್ಲ, ಚುಕ್ಕಿ ಇಡು ಅಂದ್ರ ಕಪ್ಪಿಮರಿ ಇಡ್ತಾಳ ಅಂತ. ಅದ ಇದು."

ನಾವೆಲ್ಲ ಬಗ್ಗಿ ನೋಡಿದೆವು. ಬಾಲ ಇತ್ತು. ಯಾವ ಯಂತ್ರವೂ ಹಾಕಲಾರದ, ಕಪ್ಪೆಮರಿಯ ಬಾಲ.

ಮಾವ ಚಹಾ ಲೋಟ ಎತ್ತಿಕೊಂಡ. ಒಂದು ಗುಟುಕು ಕುಡಿದು ತೀರ್ಪು ಕೊಟ್ಟ: "ಚುಕ್ಕಿ ನಿಂದಿದ್ದೀತು. ಮಾಲು ನಂದಲ್ಲ."

ಇದರ ಅರ್ಥವೇನೆಂದು ಯಾರೂ ಕೇಳಲಿಲ್ಲ. ತಮ್ಮ ಮಾತ್ರ ಹೌದೆಂಬಂತೆ ತಲೆಯಾಡಿಸಿದ. ಹಾಗೆ ನೋಡಿದರೆ ಅವನಿಗೆ ಬೇರೆ ದಾರಿ ಇರಲಿಲ್ಲ. ಚುಕ್ಕಿ ಸುಳ್ಳಾದರೆ ಮರುದಿನ ಬೆಳಿಗ್ಗೆ ಯಾವ ಧೈರ್ಯದ ಮೇಲೆ ಜನರನ್ನು ಕೂರಿಸಿಕೊಳ್ಳುವುದು? ಮಾವ ಕಿತ್ತ ಪ್ಯಾಡು ಬಂದಿದ್ದ ಅದೇ ಪೆಟ್ಟಿಗೆಯಿಂದ ಹೊಸ ಪ್ಯಾಡುಗಳನ್ನು ತೆಗೆದು, ಮೊಳೆಯಿಂದ ಬಡಿದು ಸದ್ದು ಕೇಳಿ, ಆರಿಸಿಕೊಟ್ಟ. ಅವುಗಳ ಮೇಲೂ ಚುಕ್ಕಿ ಇತ್ತು, ಚುಕ್ಕಿಗೆ ಬಾಲ ಇತ್ತು. ತಮ್ಮ ಮುಂದಿನ ಎರಡೂ ಗಾಲಿಗೆ ಅವನ್ನೇ ಹಾಕಿಸಿಕೊಂಡ. ಈಗಲೂ ಆ ಕಾರು ಅವುಗಳ ಮೇಲೆಯೇ ನಿಲ್ಲುತ್ತಿದೆ.

ನನಗೆ ಸಮಾಧಾನವಾಗಲಿಲ್ಲ. ದಾವಣಗೆರೆಗೆ ಹೋದಾಗ ಒಳಗೆ ತಣ್ಣಗಿದ್ದ, ಬಿಲ್ಲು ಅಚ್ಚಾಗಿ ಬರುವ ದೊಡ್ಡದೊಂದು ಅಂಗಡಿ ಹುಡುಕಿ, ಎಲ್ಲಕ್ಕಿಂತ ದೊಡ್ಡ ಹೆಸರಿನ ಪ್ಯಾಡುಗಳನ್ನು ಕೊಂಡು ತಮ್ಮನಿಗೆ ತಂದುಕೊಟ್ಟೆ. ಮಾವನ ಅಂಗಡಿಯ ಮೂರು ಡಬ್ಬಿಗಳನ್ನು ಬಿಚ್ಚಿ ನೋಡಿದವಳು ನಾನೇ; ಆದರೂ ಭಯವಾದಾಗ ಹೊಳೆಯುವ ಡಬ್ಬಿಯ ಕಡೆಗೇ ಹೋದೆ. ತಮ್ಮ ಅದನ್ನು ಬಿಚ್ಚಿ, ಒಂದು ಪ್ಯಾಡು ತೆಗೆದು, ಕಿತ್ತುಹೋದ ಹಳೆಯದರ ಪಕ್ಕದಲ್ಲಿ ಕಟ್ಟೆಯ ಮೇಲೆ ಇಟ್ಟ. ತಗಡಿನ ಅಂಚಿನ ಕಚ್ಚು, ತೂತುಗಳ ಜಾಗ, ಮೂಲೆಯಲ್ಲಿ ಒತ್ತಿದ ಸಣ್ಣ ಗುರುತು, ಎಲ್ಲ ಅವೇ.

"ತಂಗಿನ ದೊಡ್ಡ ಮನಿಗೆ ಕೊಟ್ಟಾರ," ಅಂದ ತಮ್ಮ. ಮಾವನ ಪಾಠ ಅವನಿಗೂ ಆಗಿತ್ತು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ಸಿಟ್ಟಾಗಬ್ಯಾಡ ಅಕ್ಕಾ. ನೀ ತಂದಿದ್ದಕ್ಕ ಚುಕ್ಕಿನೂ ಇಲ್ಲ."

ನಾನು ವಾದ ಮಾಡಬಹುದಿತ್ತು. ಅಚ್ಚು ಒಂದೇ ಆದರೂ ಅಂಟು ಬೇರೆಯಿರಬಹುದು, ಹಾಕಿದ ಶಾಖ ಬೇರೆಯಿರಬಹುದು, ಒಬ್ಬರಿಗೆ ಆರಿಸಿದ್ದನ್ನೂ ಇನ್ನೊಬ್ಬರಿಗೆ ಉಳಿದದ್ದನ್ನೂ ಕೊಟ್ಟಿರಬಹುದು. ಅದೆಲ್ಲ ನಿಜ. ಆದರೆ ಹೊರಗೆ ನಿಂತ ನಮಗೆ ಅದನ್ನು ತಿಳಿಯುವ ಉಪಾಯವಿಲ್ಲ. ಹೆಸರು ಹೇಳುವುದಿಲ್ಲ, ಡಬ್ಬಿ ಹೇಳುವುದಿಲ್ಲ, ಗುರುತು ಹೇಳುವುದಿಲ್ಲ, ಬೆಲೆಯಂತೂ ಹೇಳುವುದೇ ಇಲ್ಲ. ಒಬ್ಬ ಮನುಷ್ಯ ಅದನ್ನು ತನ್ನ ಗಾಡಿಗೆ ಹಾಕಿ ಓಡಿಸಿ ನೋಡಿದ್ದಾನೋ ಇಲ್ಲವೋ ಎಂಬುದೊಂದೇ ಉಳಿಯುತ್ತದೆ. ಅಂದರೆ ತಮ್ಮನ ಮಾತೇ ಸರಿ. ಚುಕ್ಕಿಯೊಂದೇ ಉಳಿಯುತ್ತದೆ, ಅದು ನಿಜದ ಚುಕ್ಕಿಯಾಗಿದ್ದರೆ. ಮಾವ ಓಡಿಸಿ ನೋಡಿಯೂ ಒಂದು ಪ್ಯಾಡು ಕಿತ್ತಿದ್ದರೆ ಅದು ನಮ್ಮ ದುರದೃಷ್ಟ. ಪೆಟ್ಟಿಗೆಯಲ್ಲಿ ಉಳಿದವು ಚೆನ್ನಾಗಿರಬಹುದು. ಓಡಿಸಿಯೇ ಇಲ್ಲದಿದ್ದರೆ ತಮ್ಮ ಈಗ ಯಾರೂ ಪರೀಕ್ಷಿಸದ ಪ್ಯಾಡುಗಳ ಮೇಲೆ ದಿನಾ ಜನರನ್ನು ಹೊತ್ತುಕೊಂಡು ಹೆದ್ದಾರಿಗೆ ಇಳಿಯುತ್ತಿದ್ದಾನೆ.

ಆಮೇಲೊಂದು ಸಂಜೆ ಕೈ ತೊಳೆಯಲು ಅಂಗಡಿಯ ಹಿಂದಿನ ಅಂಗಳಕ್ಕೆ ಹೋದೆ. ಮಾವನ ಹಳೆಯ ಕಾರು ಅಲ್ಲಿ ಕಲ್ಲುಗಳ ಮೇಲೆ ನಿಂತಿತ್ತು. ಗಾಲಿಗಳಿರಲಿಲ್ಲ. ಬಾನೆಟ್ಟಿನ ಮೇಲೆ ಹಳೆಯ ಸೀರೆ ಹಾಸಿ ಅತ್ತೆ ಮೆಣಸಿನಕಾಯಿ ಒಣಹಾಕಿದ್ದಳು. ಆಶ್ಚರ್ಯವಾಗಬೇಕಿತ್ತು, ಆಗಲಿಲ್ಲ. ಈ ಕಾರನ್ನು ಹೀಗೆ ಕಲ್ಲಿನ ಮೇಲೆ, ಹೀಗೆ ಕೆಂಪಗೆ, ಮೊದಲೇ ನೋಡಿದ್ದೇನೆ ಎಂದು ಬಲವಾಗಿ ಅನ್ನಿಸಿತು. ಯಾವಾಗ? ಕಿತ್ತ ಪ್ಯಾಡಿನ ಆ ಪೆಟ್ಟಿಗೆ ಬಂದಾಗ ಅತ್ತೆ ಕೂತು ಪ್ಯಾಡುಗಳಿಗೆ ಚುಕ್ಕಿ ಇಡುತ್ತಿದ್ದದ್ದು ನೆನಪಿದೆ. ಅವಳ ಹಿಂದೆ ತೆರೆದ ಬಾಗಿಲು, ಬಾಗಿಲಾಚೆ ಕೆಂಪು. ಆದರೆ ಆ ಕೆಂಪು ಮೆಣಸಿನಕಾಯಿಯದೋ, ತಂತಿಯ ಮೇಲಿನ ಬಟ್ಟೆಯದೋ? ಮೆಣಸಿನಕಾಯಿಯೇ ಆದರೂ ಬಾನೆಟ್ಟಿನ ಮೇಲಿತ್ತೋ, ಮಾಳಿಗೆಯ ಮೆಟ್ಟಿಲ ಮೇಲಿತ್ತೋ? ಅಥವಾ ಇವತ್ತು ಕಂಡದ್ದನ್ನು ಒಯ್ದು ಅವತ್ತಿನ ಬಾಗಿಲಿಗೆ ನಾನೇ ಅಂಟಿಸುತ್ತಿದ್ದೇನೋ?

ಮನೆಗೆ ಬಂದು ದಿನಚರಿ ತೆಗೆದೆ. ಆ ದಿನಗಳ ಒಂದು ಪುಟದಲ್ಲಿ ಹೀಗಿದೆ: ಅತ್ತೆಯ ಮೆಣಸಿನಕಾಯಿ ಈ ಸಲ ಖಾರ ಜಾಸ್ತಿ. ಎಲ್ಲಿ ಒಣಗಿತ್ತು ಎಂದು ಬರೆದಿಲ್ಲ.

ಅತ್ತೆಯನ್ನು ಕೇಳಿದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಅಂದಳು, "ಗಾಡಿ ಯಾವಾಗ ನಿಂತಿತು, ಯಾಕ ನಿಂತಿತು, ಅದನ್ನ ನಿಮ್ಮ ಮಾವನ್ನ ಕೇಳವ್ವ. ಅವರು ಚುಕ್ಕಿ ಇಡು ಅಂತಾರ, ನಾ ಇಡ್ತೀನಿ. ಇಡಬ್ಯಾಡ ಅಂದಿದ್ದು ನನಗ ನೆನಪಿಲ್ಲ." ರೊಟ್ಟಿ ತಿರುವಿ ಹಾಕಿ ತಾನೇ ಸೇರಿಸಿದಳು, "ನಿನ್ನ ತಮ್ಮಗ ನಿಧಾನ ಹೊಡಿ ಅಂತ ಹೇಳು."

ಮಾವನನ್ನು ಕೇಳಲು ನನಗೆ ಅಷ್ಟು ದಿನ ಯಾಕೆ ಬೇಕಾಯಿತೋ ಗೊತ್ತಿಲ್ಲ. ಅವನ ಮೇಲಿನ ಪ್ರೀತಿ ಎಂದು ಬರೆಯಲು ಚೆನ್ನಾಗಿರುತ್ತದೆ. ನನ್ನ ನೆನಪು ಸರಿ ಎಂದು ಅವನು ಒಪ್ಪಿಬಿಟ್ಟರೆ ಎಂಬ ಭಯವೂ ಇದ್ದೀತು. ಕೊನೆಗೆ ಕೇಳಿದೆ. ಹರಪನಹಳ್ಳಿ ಬಸ್ಸಿಳಿದು ಬಂದ ಗಿರಾಕಿಯೊಬ್ಬ ಅದೇ ತಾನೇ ಚುಕ್ಕಿಯ ಕ್ಲಚ್ ಪ್ಲೇಟು ಒಯ್ದಿದ್ದ. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಮಾವ ನನ್ನ ಮಾತು ಕೇಳಿಸಿಕೊಂಡ. ಕೇಳಿಸಿಕೊಂಡದ್ದು ಖಂಡಿತ, ಯಾಕೆಂದರೆ ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಶುಭ್ರವಾಗಿದ್ದ ಕೌಂಟರನ್ನು ಮತ್ತೆ ಒರೆಸತೊಡಗಿದ. "ನಿನ್ನ ಬಸ್ಸು ಬಂತು ನೋಡು" ಅಂದ. ಬಸ್ಸು ಬಂದಿರಲಿಲ್ಲ. ಅದಾದ ಮೇಲೆ ಎಷ್ಟೋ ಸಲ ಆ ಸ್ಟೂಲಿನ ಮೇಲೆ ಕೂತಿದ್ದೇನೆ, ಚಹಾ ಕುಡಿದಿದ್ದೇನೆ. ಅವನು ಎಲ್ಲದರ ಬಗ್ಗೆಯೂ ಮಾತಾಡುತ್ತಾನೆ, ಇದೊಂದನ್ನು ಬಿಟ್ಟು. ನಾನು ಕೇಳಿದ್ದು ಇಷ್ಟೇ:

"ಮಾವ, ತಮ್ಮನ ಗಾಡಿಗೆ ಹಾಕಿದ ಆ ಪ್ಯಾಡಿನ ಪೆಟ್ಟಿಗಿ ಬಂದಾಗ ನಿನ್ನ ಗಾಡಿ ಓಡ್ತಿತ್ತೇನು?"